ಗುರುಗಳ ರೈಫಲ್ ಯಾರೂ ನೋಡಲಿಲ್ಲ

ಆ ಶುಕ್ರವಾರ ಬೆಳಿಗ್ಗೆ ನನ್ನ ತಲೆಯಲ್ಲಿದ್ದದ್ದು ಬೆಳಕಿನ ಚಿಂತೆ ಒಂದೇ. ಗದಗದಿಂದ ಮುಂಡರಗಿ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡಕ್ಕೆ ಮುಖ ಮಾಡಿರುವ ಫೈರಿಂಗ್ ರೇಂಜ್ ಇದೆ. ನಾಲ್ಕು ಗಂಟೆ ದಾಟಿದರೆ ಹಿಂದಿನ ಬೇವಿನ ಸಾಲಿನ ನೆರಳು ಅಲ್ಲಿ ಗುರಿ ಹಿಡಿದು ಮಲಗಿದವರ ಮೈಮೇಲೆ ಬೀಳುತ್ತದೆ. ಅದಕ್ಕೆ ಮೊದಲು ಎಪ್ಪತ್ತೆಂಟು ವರ್ಷದ ಒಬ್ಬ ಮಾಜಿ ಸೈನಿಕರು ತಮ್ಮ ರೈಫಲ್‌ನಿಂದ ಕೊನೆಯ ಗುಂಡು ಹಾರಿಸಬೇಕು, ನಾನು ಫೋಟೋ ತೆಗೆಯಬೇಕು, ಐದೂವರೆಯೊಳಗೆ ಪುರವಣಿಯ ಪುಟಕ್ಕೆ ಕಳಿಸಬೇಕು. ಅಂದು ನಡೆದದ್ದನ್ನು ಆಗಲೇ ವರದಿ ಮಾಡಿದ್ದೇನೆ. ಅದರಲ್ಲಿ ಒಂದು ಸಾಲು ಅಚ್ಚಾಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ಊರಲ್ಲಿ, ಠಾಣೆಯಲ್ಲಿ, ಶಿಬಿರದಲ್ಲಿ ಎಲ್ಲರೂ ಹವಾಲ್ದಾರರು ಎಂದೇ ಕರೆಯುತ್ತಾರೆ. ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯವರು. ಸೇನೆಯಲ್ಲಿ ಹೊಸಬರಿಗೆ ಶಸ್ತ್ರಗಳನ್ನು ಕಲಿಸುವ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಪೊಲೀಸರು ವರ್ಷಕ್ಕೊಮ್ಮೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದಲ್ಲಿ ಅದೇ ಪಾಠವನ್ನು ಹೇಳುತ್ತ ಬಂದರು. ರೈಫಲ್ ಅವರ ತಂದೆಯದು, ಅವರೂ ಸೈನಿಕರೇ. ಹಿಂದಿನ ಚಿಲಕ ಎಳೆದು ಗುಂಡು ತುಂಬುವ, ಸೇನೆಯ ಹಳೆಯ ಬೋಲ್ಟ್ ರೈಫಲ್, ಹೆಗಲಿಗೆ ಆನಿಸುವ ಮರದ ಬಟ್ಟಿನ ಹಿಂದೆ ಹಿತ್ತಾಳೆ ತಗಡು, ಉಕ್ಕಿನ ಮೇಲೆ ಒತ್ತಿದ ಕಿರೀಟದ ಗುರುತು. ನಾಗರಿಕರ ಕೈಗೆ ಬರುವ ಮೊದಲು ಅದರ ನಳಿಗೆಯನ್ನು ಬದಲಿಸಿ, ಪರವಾನಗಿ ಸಿಗುವ ಅಳತೆಗೆ ತಂದಿದ್ದರು.

ಈ ಸಲ ಪರವಾನಗಿ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಯಿತು. ಹವಾಲ್ದಾರರ ಕೈ ನಡುಗುತ್ತದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ವೈದ್ಯರು ಬರೆಯಲು ಹಿಂದೆಮುಂದೆ ನೋಡಿದಾಗ ಇವರೇ ಹೇಳಿದರಂತೆ: "ಇದ್ದದ್ದು ಇದ್ದಂಗ ಬರೀರಿ ಸಾಹೇಬ್ರ. ನಾಳೆ ನನ್ನ ಕೈಯಾಗಿಂದು ತಪ್ಪಿದ್ರ ನಿಮ್ಮ ಸಹಿ ಅಡ್ಡ ಬರಂಗಿಲ್ಲ." ನವೀಕರಣ ಆಗಲಿಲ್ಲ. ಮಗಳಿಗಾಗಲಿ ಅಳಿಯನಿಗಾಗಲಿ ರೈಫಲ್ ಬೇಡ. ತಿಂಗಳ ಕೊನೆಗೆ ಅದು ಜಿಲ್ಲಾ ಶಸ್ತ್ರಾಗಾರಕ್ಕೆ ಶಾಶ್ವತವಾಗಿ ಜಮಾ ಆಗಬೇಕಿತ್ತು. ಅದಕ್ಕೆ ಮೊದಲು, ಶಿಬಿರದ ಕೊನೆಯ ದಿನ, ಮರಳು ಚೀಲದ ಆಸರೆಯಲ್ಲಿ ಒಂದೇ ಒಂದು ಗುಂಡು ಹಾರಿಸಲು ಅನುಮತಿ ಸಿಕ್ಕಿತ್ತು.

ಆ ಒಂದು ಗುಂಡು ಯಾಕೆ ಬೇಕು ಎಂಬುದು ಅವರ ಮನೆಗೆ ಹೋದಾಗ ತಿಳಿಯಿತು. ಪಡಸಾಲೆಯ ಗೋಡೆಗೆ ಅವರ ಪತ್ನಿಯ ಫೋಟೋ ಇತ್ತು. ಕಳೆದ ದಸರೆಯಲ್ಲಿ ತೀರಿಕೊಂಡವರು. ಫೋಟೋದ ಕೆಳಗೆ ಮರದ ಹಲಗೆಯ ಮೇಲೆ ಖಾಲಿ ಕಾಡತೂಸುಗಳು ಸಾಲಾಗಿ ನಿಂತಿದ್ದವು. ಶಿಬಿರದ ಕೊನೆಯ ದಿನ ಹವಾಲ್ದಾರರು ತಮ್ಮ ರೈಫಲ್‌ನಿಂದ ಗುರಿ ತೋರಿಸಿಕೊಡುವುದು ರೂಢಿ. ಉಳಿದ ಖಾಲಿಗಳನ್ನು ಒಪ್ಪಿಸಿ, ಅನುಮತಿ ಕೇಳಿ ಒಂದನ್ನು ಮನೆಗೆ ತರುತ್ತಿದ್ದರು. ಆಕೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ವರ್ಷವಿಡೀ ಅದರಲ್ಲೇ ದೇವರ ಮುಂದೆ ಊದಿನಕಡ್ಡಿ ಚುಚ್ಚುತ್ತಿದ್ದರು. ಮುಂದಿನ ವರ್ಷದ್ದು ಬಂದ ಮೇಲೆ ಹಳೆಯದು ಹಲಗೆಗೆ.

"ಆಕಿಗಿ ಬಂದೂಕ ಅಂದ್ರ ಆಗತಿದ್ದಿಲ್ಲ" ಎಂದರು ಹವಾಲ್ದಾರರು. "ಇದರಾಗ ಊದಿನಕಡ್ಡಿ ಹಚ್ಚಿದ್ರ ಅದರ ಪಾಪ ಸುಡತೈತಿ ಅಂತಿದ್ಲು. ದವಾಖಾನ್ಯಾಗ ಮಾತು ನಿಂತಿತ್ತು, ಎರಡು ಬೆರಳು ಜೋಡಿಸಿ ಕೈ ಮಾಡಿ ಕೇಳಿದ್ಲು. ತರತೀನಿ ಅಂದೀನಿ. ಈ ವರ್ಷದ್ದು ಒಂದು ತಂದು ಇಟ್ಟುಬಿಟ್ರ ಮುಗೀತು ನೋಡ್ರಿ."

ಖಂಡೇಪೂಜೆಯ ವಿಷಯವೂ ಅದೇ ಮಾತಿನಲ್ಲಿ ಬಂತು. ಮಹಾನವಮಿಯಂದು ಕುಡಗೋಲು, ಕೊಡಲಿಗಳ ಜೊತೆ ರೈಫಲ್ಲನ್ನೂ ಮಣೆಯ ಮೇಲೆ ಇಟ್ಟು ವಿಭೂತಿ, ಕುಂಕುಮ ಹಚ್ಚುತ್ತಿದ್ದರು. ಬಾಯಿ ತೆರೆದ ಆಯುಧಕ್ಕೆ ಪೂಜೆ ಮಾಡಬಾರದು ಎಂಬುದು ಆಕೆಯ ನಂಬಿಕೆ. ಆದ್ದರಿಂದ ಖಣದ ಬಟ್ಟೆಯ ತುಂಡಿನಲ್ಲಿ ಬನ್ನಿ ಎಲೆ ಸುತ್ತಿ, ಸುರುಳಿ ಮಾಡಿ, ನಳಿಗೆಯ ಬಾಯಿಯಲ್ಲಿ ಹೊರಗೆ ಕಾಣದಷ್ಟು ಒಳಗೆ ತುರುಕುತ್ತಿದ್ದರು. ಮರುದಿನ ಸಂಜೆ ಬನ್ನಿ ಕೊಟ್ಟು ಬಂದ ಮೇಲೆ ತಲೆಯ ಹೇರ್‌ಪಿನ್ನಿನಿಂದ ಅವರೇ ಎಳೆದು ತೆಗೆಯುತ್ತಿದ್ದರು. ತೆಗೆದರೂ ನಂಬಿಕೆ ಇಲ್ಲ. ಗಂಡ ರೇಂಜ್‌ಗೆ ಹೊರಟಾಗೆಲ್ಲ ಬಾಗಿಲಲ್ಲಿ ನಿಂತು, "ನಳಿಗಿ ನೋಡೀರೇನ್ರಿ?" ಎಂದು ಕೇಳಿಯೇ ಕಳಿಸುತ್ತಿದ್ದರು.

ಇದೆಲ್ಲವನ್ನೂ ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಒಳ್ಳೆಯ ವಿವರ ಎಂದು ಪಕ್ಕದಲ್ಲಿ ಗೆರೆಯನ್ನೂ ಎಳೆದಿದ್ದೆ.

ಬಂದೂಕು ಮುಟ್ಟದೆ ಬಂದೂಕಿನ ಬಗ್ಗೆ ಬರೆಯಬೇಡ ಎಂದು ಸಂಪಾದಕರು ಹೇಳಿದ್ದರಿಂದ ಆ ವಾರ ನಾನೂ ಶಿಬಿರಾರ್ಥಿಯಾದೆ. ಮೊದಲ ಎರಡು ದಿನ ಗುಂಡಿನ ಮಾತೇ ಇಲ್ಲ. ಬೋಲ್ಟ್ ತೆರೆ, ಕಾಡತೂಸು ಕೂರುವ ಕೋಣೆಯೊಳಗೆ ಕಣ್ಣಿನಿಂದ ನೋಡು, ಕಿರುಬೆರಳಿನಿಂದ ಮುಟ್ಟಿ ನೋಡು. ಬೋಲ್ಟ್ ಹೊರಗೆ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡು. ಎಣ್ಣೆ ಉಳಿದಿದ್ದರೆ ಒಣಬಟ್ಟೆ ಎಳೆ. ಹಳೆಯ ರೈಫಲ್ ಆದರೆ ಬೋಲ್ಟಿನ ಮೇಲಿನ ಸಂಖ್ಯೆ, ಮೈಮೇಲಿನ ಸಂಖ್ಯೆ ಒಂದೇ ಇದೆಯೋ ನೋಡು. ಮರ ಸೀಳಿದೆಯೋ ನೋಡು. ಗುರಿಯ ಮೇಲೆ ಕಣ್ಣು ನಿಲ್ಲುವ ತನಕ ಬೆರಳು ಟ್ರಿಗರ್‌ನ ಹೊರಗೆ. ಎರಡನೇ ದಿನ ನನ್ನ ಬೆರಳು ಒಳಗೆ ಹೋಗಿತ್ತು. ಹವಾಲ್ದಾರರು ಬೆತ್ತದಿಂದ ಮೆಲ್ಲಗೆ ಮುಟ್ಟಿದರು.

"ಪೇಪರಿನವರ, ಇದು ಪೆನ್ನಲ್ಲ. ತಪ್ಪಾದ್ರ ಮರುದಿನ ತಿದ್ದುಪಡಿ ಹಾಕಾಕ ಬರಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಗುರುವಾರ ಅಡರಕಟ್ಟಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಸರದಿ. ನಲವತ್ತು ದಾಟಿದವರು, ಪರವಾನಗಿಗಾಗಿ ಬಂದವರು. ಜಮಖಾನೆಯ ಮೇಲೆ ಮಲಗಿದವರು ನಳಿಗೆ ನೋಡದೆಯೇ ಕಾಡತೂಸು ತುಂಬಿದರು. ಹವಾಲ್ದಾರರು ಧ್ವನಿ ಏರಿಸಲಿಲ್ಲ.

"ತಗೀ ಅದನ್ನ. ಜಮಖಾನಿ ಬಿಟ್ಟು ಏಳು."

"ಈಗ ನೋಡತೀನ್ರಿ ಮಾಮಾ, ಒಂದ ನಿಮಿಷ..."

"ತುಂಬಿದ ಮ್ಯಾಲೆ ನೋಡೋದು ನೋಡೋದಲ್ಲ. ಇವತ್ತಿಗಿ ನಿಂದು ಮುಗೀತು."

"ಇವತ್ತ ನಂದು ಕಡೀ ಪಾಳಿ ಐತ್ರಿ. ಸರ್ಟಿಫಿಕೇಟ್ ಹೋಗತೈತ್ರಿ."

"ಮುಂದಿನ ವರ್ಷ ಬಾ. ಕೈ ಕಣ್ಣು ಇದ್ರ ಮುಂದಿನ ವರ್ಷ ಇದ್ದ ಇರತೈತಿ."

ವ್ಯಾಪಾರಿ ಎದ್ದು ಹೋದರು. ಕಠಿಣವಾಯಿತು ಎಂದು ನನಗನ್ನಿಸಿತು. ಆದರೆ ಶಿಬಿರದಲ್ಲಿ ಆ ನಿಯಮಕ್ಕೆ ವಿನಾಯಿತಿ ಸಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ನನ್ನ ಕಾರಿನಲ್ಲಿ ಹವಾಲ್ದಾರರನ್ನೂ ಅವರ ಮಗಳನ್ನೂ ಕರೆದುಕೊಂಡು ಮುಂಡರಗಿಗೆ ಹೋದೆ. ಮಗಳು ಹಿರೇವಡ್ಡಟ್ಟಿಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ರೈಫಲ್ ಐದು ತಿಂಗಳಿಂದ ಠಾಣೆಯಲ್ಲಿತ್ತು. ಪತ್ನಿ ತೀರಿದ ವಾರದಲ್ಲೇ ಚುನಾವಣೆಯ ನೀತಿ ಸಂಹಿತೆ ಬಂದು, ಪರವಾನಗಿದಾರರೆಲ್ಲ ಶಸ್ತ್ರ ಜಮಾ ಮಾಡಬೇಕೆಂದು ಆದೇಶವಾಗಿತ್ತು. ಚುನಾವಣೆ ಮುಗಿದ ಮೇಲೂ ನವೀಕರಣದ ತಕರಾರಿನಿಂದ ಅಲ್ಲೇ ಉಳಿಯಿತು.

ಠಾಣೆಯಲ್ಲಿ ಕೀಲಿ ಇಟ್ಟುಕೊಂಡವರು ಬಂದೋಬಸ್ತಿಗೆ ಹೋಗಿದ್ದರು. ಬರುವಾಗ ಎರಡು ಗಂಟೆ. ಸಂಖ್ಯೆ ನೋಡಿ, ಬೋಲ್ಟ್ ತೆರೆದು ಗುಂಡು ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಸಹಿ ಹಾಕಿಸಿ ಕೊಡುವಾಗ ಎರಡೂವರೆ. ರೈಫಲ್ಲಿಗೆ ಮೊದಲಿದ್ದ ಹಳದಿ ಬಟ್ಟೆಯನ್ನೇ ಮತ್ತೆ ಸುತ್ತಿ ಕೊಟ್ಟರು. ಹವಾಲ್ದಾರರು ಅದನ್ನು ಬಿಚ್ಚಲಿಲ್ಲ. ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು.

"ಮನಿಗೆ ಹೋಗಿ ಹೋಗೂಣ್ರಿ" ಎಂದರು. "ಐದ ತಿಂಗಳಾತು. ಎಲ್ಲಾ ಬಿಚ್ಚಿ ಒರಸಬೇಕು. ನನ್ನ ಸರಳು, ಎಣ್ಣಿ ಎಲ್ಲಾ ಮನ್ಯಾಗದಾವು."

ನಾನು ಗಡಿಯಾರ ನೋಡಿದೆ. ಹಿರೇವಡ್ಡಟ್ಟಿಗೆ ಹೋಗಿ, ಅವರು ಬಿಚ್ಚಿ ಒರೆಸಿ, ಮತ್ತೆ ರೇಂಜ್‌ಗೆ ಬರುವಷ್ಟರಲ್ಲಿ ನೆರಳು ಬಿದ್ದಿರುತ್ತದೆ.

"ರೇಂಜಿನ್ಯಾಗ ಬಂದೂಕ ತಪಾಸ ಮಾಡೋ ಆರ್ಮರರ್ ಅದಾರಲ್ರಿ ಹವಾಲ್ದಾರ್ರ. ಅಲ್ಲೇ ಎಲ್ಲಾ ಸಾಮಾನು ಐತಿ. ಸೀದಾ ಹೋಗೂಣು. ಬೆಳಕು ಹೋಗತೈತಿ" ಎಂದೆ.

ಅವರು ಹಳದಿ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. ಮಗಳು ನಕ್ಕು ಹೇಳಿದರು: "ಅಪ್ಪಾ, ಫೋಟೋ ಚಂದ ಬರಬೇಕೋ ಬ್ಯಾಡೋ? ತಲಿಗಿ ಕಲಪ್ ಅಂತೂ ಹಚ್ಚಲಿಲ್ಲ, ಬೆಳಕರ ಇರಲಿ."

"ಆತು, ನಡೀರಿ" ಎಂದರು ಹವಾಲ್ದಾರರು.

ಅಚ್ಚಾಗದ ಆ ಸಾಲು ಇದು: ಅವರು ಮನೆಗೆ ಹೋಗಿ ರೈಫಲ್ ಸ್ವಚ್ಛ ಮಾಡಬೇಕೆಂದರು, ವರದಿಗಾರನ ಅವಸರಕ್ಕಾಗಿ ಹೋಗಲಿಲ್ಲ.

ರೇಂಜ್ ಮುಟ್ಟಿದಾಗ ಮೂರೂಕಾಲು. ಶಿಬಿರಾರ್ಥಿಗಳು ಹಿಂದೆ ಸಾಲಾಗಿ ಕುಳಿತಿದ್ದರು. ಶಸ್ತ್ರಗಳ ತಪಾಸಣೆ ಮಾಡುವ ಪೊಲೀಸ್ ಆರ್ಮರರ್ ಮೇಜಿನ ಬಳಿ ನಿಂತಿದ್ದರು. ಇಪ್ಪತ್ತು ವರ್ಷದ ಹಿಂದೆ ಇದೇ ಶಿಬಿರದಲ್ಲಿ ಹವಾಲ್ದಾರರ ಕೈಕೆಳಗೆ ಕಲಿತವರು. ಆ ಮೇಜಿನ ಮೇಲೆ ಇಟ್ಟು, ಬೋಲ್ಟ್ ತೆಗೆದು, ನಳಿಗೆ ತೋರಿಸದೆ ಯಾವ ರೈಫಲ್ಲೂ ಮುಂದೆ ಹೋಗುವಂತಿಲ್ಲ. ಹವಾಲ್ದಾರರು ಬಟ್ಟೆ ಬಿಚ್ಚಿ ರೈಫಲ್ ಇಟ್ಟರು. ಬಟ್ಟಿನ ಮೇಲೆ ಒಣಗಿದ ಕುಂಕುಮ ಇನ್ನೂ ಇತ್ತು.

ಆರ್ಮರರ್ ಎರಡೂ ಕೈಯಿಂದ ರೈಫಲ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ನಿಮ್ಮ ರೈಫಲ್ ನಾ ತಪಾಸ ಮಾಡೋದೇನ್ರಿ ಗುರುಗಳ? ನೋಡಾಕ ಕಲಿಸಿದವರ ನೀವು. ಒಯ್ರಿ."

ಹವಾಲ್ದಾರರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ನಾನು, "ಬರ್ರಿ, ಬಿಸಲು ಸರಿಯಾಗಿ ಬಿದ್ದೈತಿ" ಎಂದು ಕರೆದೆ. ಬಟ್ಟಿನ ಮೇಲಿನ ಆ ಕುಂಕುಮ ನನಗೂ ಕಂಡಿತ್ತು. ಫೋಟೋದಲ್ಲಿ ಬಂದರೆ ಚೆನ್ನ ಎಂದುಕೊಂಡೆ. ಅದು ಯಾವ ದಿನದ ಕುಂಕುಮ ಎಂದು ಕೇಳಿಕೊಳ್ಳಲಿಲ್ಲ.

ಮಗಳು ತೋಳು ಹಿಡಿದು ಜಮಖಾನೆಯ ಮೇಲೆ ಮಲಗಿಸಿದರು. ರೈಫಲ್ಲನ್ನು ಮರಳು ಚೀಲದ ಮೇಲೆ ಇಟ್ಟಾಯಿತು. ನಾನು ಎಡಗಡೆ, ಗೆರೆಯ ಹಿಂದೆ ಮಂಡಿಯೂರಿ ಕ್ಯಾಮೆರಾ ಹೊಂದಿಸಿದೆ. ಆರ್ಮರರ್ ಕೆಂಪು ಬಾವುಟ ಏರಿಸಿ, ಎರಡೂ ಕಡೆ ನೋಡಿ, "ಲೋಡ್" ಎಂದರು. ಹವಾಲ್ದಾರರು ಕಾಡತೂಸು ಇಟ್ಟು ಬೋಲ್ಟ್ ಮುಚ್ಚಿದರು. ಅಷ್ಟು ಹೊತ್ತು ನಡುಗುತ್ತಿದ್ದ ಕೈ ಮರದ ಮೇಲೆ ಒರಗಿದ ಕೂಡಲೇ ನಿಂತಿತು.

"ಫೈರ್."

ನಾನು ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಅವರ ಬೆರಳು ಟ್ರಿಗರ್‌ನ ಹೊರಗೇ ಇತ್ತು.

"ಯಾರೂ ಕೇಳಲಿಲ್ಲಲ್ಲ" ಎಂದರು, ಗುರಿಯಿಂದ ಕಣ್ಣು ತೆಗೆಯದೆ.

"ಏನ್ರಿ ಗುರುಗಳ?"

"ನಳಿಗಿ ನೋಡೀರೇನು ಅಂತ."

ಅವರು ಬೋಲ್ಟ್ ತೆರೆದರು. ಹೊರಬಿದ್ದ ಕಾಡತೂಸನ್ನು ಅಂಗೈಯಲ್ಲಿ ಹಿಡಿದರು. ಬೋಲ್ಟನ್ನು ಪೂರ್ತಿ ಹೊರಗೆಳೆದು ಜಮಖಾನೆಯ ಮೇಲಿಟ್ಟು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟರು. "ತಗೋರಿ, ನೋಡ್ರಿ. ನನ್ನ ಕಣ್ಣಿಗಿ ಕತ್ತಲಿ ಕಾಣಾಕತ್ತೈತಿ. ಕಣ್ಣಂದೋ, ನಳಿಗೀದೋ."

ಆರ್ಮರರ್ ರೈಫಲ್ ಎತ್ತಿ, ನಳಿಗೆಯನ್ನು ಗುಡ್ಡದ ಮೇಲಿನ ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದರು. ಇನ್ನೊಮ್ಮೆ ನೋಡಿದರು.

"ಬೆಳಕು ಬರವಲ್ದು" ಎಂದರು.

ಮೇಜಿನಿಂದ ಹಿತ್ತಾಳೆಯ ಸರಳು ತಂದು ಹಿಂದಿನಿಂದ ತೂರಿಸಿದರು. ಬಾಯಿಯ ಹತ್ತಿರ ತಡೆಯಿತು. ಮೆಲ್ಲಗೆ ತಟ್ಟಿದರು. ಬೆರಳಿನಷ್ಟು ಉದ್ದದ ಗಟ್ಟಿ ಸುರುಳಿಯೊಂದು ಜಮಖಾನೆಯ ಮೇಲೆ ಬಿತ್ತು. ಹಸಿರು ಖಣ, ಕೆಂಪು ಅಂಚು. ಮಗಳು ಬಗ್ಗಿ ತೆಗೆದುಕೊಂಡು ಬಿಚ್ಚಿದರು. ಒಳಗೆ ಪುಡಿಯಾದ ಬನ್ನಿ ಎಲೆ, ಗಂಟುಕಟ್ಟಿದ ಕುಂಕುಮ.

"ಅವ್ವನ ಕುಬಸದ ತುಂಡಪಾ ಇದು" ಎಂದರು ಮಗಳು. "ನಾನ ಹೊಲದಿದ್ದೆ. ಉಳದ ಬಟ್ಟಿ ಇಸಗೊಂಡು ಹೋಗಿದ್ಲು."

ಮಹಾನವಮಿಯಂದು ತುರುಕಿದ ಸುರುಳಿಯನ್ನು ಮರುದಿನ ಸಂಜೆ ತೆಗೆಯಬೇಕಿತ್ತು. ಆ ಮರುದಿನ ಬೆಳಿಗ್ಗೆ ಹವಾಲ್ದಾರರ ಪತ್ನಿ ಹಿತ್ತಲಲ್ಲಿ ಕುಸಿದು ಬಿದ್ದಿದ್ದರು. ಗದಗದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ರೈಫಲ್ ಮಣೆಯ ಮೇಲೆ ಹಾಗೆಯೇ ಇತ್ತು. ಠಾಣೆಯ ಆದೇಶ ಬಂದಾಗ ಹವಾಲ್ದಾರರು ಅದನ್ನು ಪೂಜೆಯ ಬಟ್ಟೆಯಲ್ಲೇ ಸುತ್ತಿ ಕೊಟ್ಟು ಬಂದಿದ್ದರು.

ಮಾತು ಕಳೆದುಕೊಂಡ ಆಕೆ ಆಸ್ಪತ್ರೆಯಲ್ಲಿ ಕೈ ಮಾಡಿ ಕೇಳಿದ್ದು ಏನನ್ನು ಎಂಬ ಪ್ರಶ್ನೆ ಆಗ ನನ್ನಲ್ಲಿ ಎದ್ದಿತು. ಹವಾಲ್ದಾರರಲ್ಲೂ ಎದ್ದಿರಬೇಕು. ಅವರು ತಮ್ಮ ಬಲಗೈಯ ಎರಡು ಬೆರಳನ್ನು ಜೋಡಿಸಿ, ಏನನ್ನೋ ಎಳೆದು ತೆಗೆಯುವಂತೆ ಒಂದು ಸಲ ಆಡಿಸಿ ನೋಡಿಕೊಂಡರು. ನಾನು ಕ್ಯಾಮೆರಾ ಎತ್ತಿದ್ದೆ. ಇಳಿಸಿದೆ.

ಆರ್ಮರರ್ ಅಳುವ ಹಾಗಾಗಿದ್ದರು. "ಹಾರಿಸಿದ್ರ ನಳಿಗಿ ಸೀಳತಿತ್ರಿ ಗುರುಗಳ. ನನ್ನ ತಪ್ಪು ಇದು. ಈಗ ಎರಡು ಸಲ ಒಣಾ ಬಟ್ಟಿ ಎಳದು, ಉಬ್ಬು ಗಿಬ್ಬು ಏನರ ಐತೇನು ನೋಡಿ ಕೊಡತೀನಿ. ಹಾರಸ್ರಿ."

ಬಟ್ಟೆ ಎಳೆದರು. ನೋಡಿದರು. ನಳಿಗೆ ಸರಿಯಾಗಿತ್ತು. ನೆರಳು ಇನ್ನೂ ಜಮಖಾನೆಯ ಅಂಚಿಗೆ ಬಂದಿರಲಿಲ್ಲ. ಸಮಯ ಮೂರು ಐವತ್ತು.

"ಗುರುವಾರ ಅಡರಕಟ್ಟಿ ಮನಷಾಗ ನಾ ಏನು ಹೇಳಿದ್ನಿ?" ಎಂದು ಹವಾಲ್ದಾರರು ಮಲಗಿದಲ್ಲಿಂದಲೇ ಕೇಳಿದರು.

ಆರ್ಮರರ್ ಸರಳನ್ನು ಒರೆಸತೊಡಗಿದರು.

"ಹೇಳ್ರಿ."

"ಜಮಖಾನಿ ಬಿಟ್ಟು ಏಳು ಅಂದ್ರಿ."

"ಮತ್ತ?"

"ಇವತ್ತಿಗಿ ಮುಗೀತು ಅಂದ್ರಿ. ಆದ್ರ ಗುರುಗಳ, ನಿಮಗ ಮುಂದಿನ ವರ್ಷ..."

ಮಗಳು ಅವರ ಪಕ್ಕದಲ್ಲಿ ಕುಳಿತರು. "ಅಪ್ಪಾ, ನೋಡಿದ ಮ್ಯಾಲೇ ಹಾರಸಾಕತ್ತೀದಿ ಅಲ್ಲಾ. ಅವ್ವಗ ಮಾತು ಕೊಟ್ಟೀದಿ. ಇದೊಂದು ಸಲ."

"ತುಂಬಿದ ಮ್ಯಾಲೆ ನೋಡೋದು ನೋಡೋದಲ್ಲವಾ. ಆ ಮನಷಾ ಹಿಂದ ಕುಂತಾನ, ನೋಡಾಕ ಬಂದಾನ."

ನಾನು ತಿರುಗಿ ನೋಡಿದೆ. ಮೆಣಸಿನಕಾಯಿ ವ್ಯಾಪಾರಿ ಸಾಲಿನ ಕೊನೆಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದರು.

ಹವಾಲ್ದಾರರು ಮಗಳ ಕಡೆ ಒಂದು ಕೈ, ಆರ್ಮರರ್ ಕಡೆ ಒಂದು ಕೈ ಚಾಚಿದರು. "ನನಗ ಒಬ್ಬನ ಏಳಾಕ ಬರಂಗಿಲ್ಲ. ಎಬ್ಬಸ್ರಿ."

ಇಬ್ಬರೂ ಎಬ್ಬಿಸಿದರು.

ಅದೇ ಸಂಜೆ ಗದಗದ ಶಸ್ತ್ರಾಗಾರದಲ್ಲಿ ಅವರು ಬೋಲ್ಟ್ ಬೇರೆ, ಮೈ ಬೇರೆ ಮಾಡಿ, ಕುಂಕುಮವನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ ಒಪ್ಪಿಸಿದರು. ಗುಂಡು ಹಾರಿಸಿದ ದಿನ ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆಯುವುದು ಅವರ ಹಳೆಯ ಪದ್ಧತಿ. ನೀರು ಕಾಯಿಸಿಡುತ್ತಿದ್ದದ್ದು ಪತ್ನಿ. "ಇವತ್ತ ನೀರು ಬೇಕಾಗಂಗಿಲ್ಲ" ಎಂದರು, ಯಾರಿಗೂ ಅಲ್ಲದ ಹಾಗೆ. ಹಾರಿಸದ ಕಾಡತೂಸನ್ನೂ ಕೊಟ್ಟು ಸಹಿ ಹಾಕಿದರು. ಹಸಿರು ಖಣದ ತುಂಡು ಅಂಗಿಯ ಜೇಬಿನಲ್ಲಿತ್ತು.

ನಾನು ಪುಟದ ಹೊಣೆ ಇದ್ದವರಿಗೆ ಫೋನ್ ಮಾಡಿದೆ. ಶೀರ್ಷಿಕೆ ಸಮೇತ ಅರ್ಧ ಲೇಖನವನ್ನು ಹಿಂದಿನ ದಿನವೇ ಕಳಿಸಿದ್ದೆ. ಅದರಲ್ಲಿ ಗುಂಡು ಗುರಿಯನ್ನು ಮುಟ್ಟಿತ್ತು. "ಹಾರಿಸಿದರು ಅಂತಲೇ ಇರಲಿ ಬಿಡಿ, ಯಾರು ಕೇಳುತ್ತಾರೆ" ಎಂದರು. ಇಲ್ಲ ಎಂದೆ. ಶಸ್ತ್ರಾಗಾರದ ಹೊರಗಿನ ಕಟ್ಟೆಯ ಮೇಲೆ ಕುಳಿತು ಹೊಸದಾಗಿ ಬರೆದೆ. ಹಾರಿಸಲಿಲ್ಲ ಎಂದು ಬರೆದೆ, ಯಾಕೆ ಎಂದೂ ಬರೆದೆ. ತಪಾಸಣೆ ತಪ್ಪಿದ್ದರ ಜೊತೆಗೆ ನನ್ನ ಅವಸರದ ಆ ಸಾಲನ್ನೂ ಸೇರಿಸಿದೆ. ಮರುದಿನ ಪತ್ರಿಕೆ ನೋಡಿದರೆ ತಪಾಸಣೆಯ ಸಾಲು ಇತ್ತು, ನನ್ನದು ಇರಲಿಲ್ಲ. ವರದಿಗಾರ ವರದಿಯೊಳಗೆ ಬರಬಾರದು ಎಂದು ತೆಗೆದರಂತೆ. ತಿದ್ದುಪಡಿ ಹಾಕಿ ಎಂದು ಕೇಳಿದೆ. ತಪ್ಪು ಮಾಹಿತಿ ಇಲ್ಲವಲ್ಲ, ತಿದ್ದುವುದೇನು ಎಂದರು.

ಭಾನುವಾರ ಪತ್ರಿಕೆ ಹಿಡಿದು ಹಿರೇವಡ್ಡಟ್ಟಿಗೆ ಹೋದೆ. ಹವಾಲ್ದಾರರು ಭೂತಗನ್ನಡಿ ಇಟ್ಟುಕೊಂಡು ಪೂರ್ತಿ ಓದಿದರು. ಮಡಚಿ ಇಟ್ಟರು.

"ಆರ್ಮರರ್‌ದ ಬರದೀರಿ. ನಿಮ್ಮದು ಇಲ್ಲಲ್ಲ."

"ಬರದಿದ್ನಿರಿ. ತಗದಾರ."

"ಹೂಂ." ಭೂತಗನ್ನಡಿಯನ್ನು ಪತ್ರಿಕೆಯ ಮೇಲಿಟ್ಟರು. "ಆರ್ಮರರ್‌ಗ ಮ್ಯಾಲಿನವರು ಮೆಮೋ ಕೊಟ್ಟಾರಂತ. ಪೇಪರ್ ನೋಡಿ."

ಸಂಜೆಯ ಪೂಜೆಗೆ ಮಗಳು ಊದಿನಕಡ್ಡಿ ಹಚ್ಚಿಕೊಂಡು ಬಂದು ಫೋಟೋದ ಮುಂದೆ ನಿಂತಿದ್ದರು. ಹಲಗೆಯ ಮೇಲಿನ ಸಾಲಿನ ಕೊನೆಯಲ್ಲಿ ಖಣದ ತುಂಡನ್ನು ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿ ಇಟ್ಟಿದ್ದರು.

"ಅಪ್ಪಾ, ಎದರಾಗ ಚುಚ್ಚಲಿ?"

"ಹ್ವಾದ ವರ್ಷದ್ದರಾಗ ಚುಚ್ಚು" ಎಂದರು ಹವಾಲ್ದಾರರು. "ಈ ವರ್ಷದ್ದು ಇಲ್ಲ."